ಕೈಮಾತಿಗೆ ಮದ್ದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ 'ಸುಖಾಂತ' ಎಂಬ ಸಂಸ್ಥೆಯ ಕಟ್ಟಡವಿದೆ. ಸಾಯುವವರನ್ನು ನೋವಿಲ್ಲದೆ ಕಳಿಸಿಕೊಡುವುದು ಅದರ ಕಸುಬು. ಗೇಟಿನ ಪಕ್ಕದ ದೊಡ್ಡ ಫಲಕದಲ್ಲಿ ಮೊನ್ನೆ ಮೊನ್ನೆಯವರೆಗೂ ನನ್ನ ಫೋಟೋ ಇತ್ತು. 'ಇಲ್ಲಿ ಎಲ್ಲರಿಗೂ ಜಾಗವಿದೆ' ಎಂದು ಅದರ ಕೆಳಗೆ ಬರೆದಿದ್ದರು. ಫೋಟೋ ತೆಗೆದವನು 'ನಗು' ಎಂದು ತಿಳಿಸಲು ತನ್ನ ಬಾಯಿಯ ಎರಡೂ ಮೂಲೆಗಳನ್ನು ಬೆರಳಿನಿಂದ ಎಳೆದು ತೋರಿಸಿದ್ದ. ನಾನು ಕಿವುಡಿ, ದಡ್ಡಿಯಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ತುಟಿ ಓದುತ್ತೇನೆ, ಬೇಕಾದರೆ ಬಾಯಿಬಿಟ್ಟು ಮಾತೂ ಆಡುತ್ತೇನೆ. ನನ್ನ ದನಿ ಕೇಳಿ ಜನ ಮುಖ ಕಿವುಚುವುದನ್ನು ನೋಡಿ ನೋಡಿ ಅದನ್ನು ಆಡುವುದು ಕಡಿಮೆ ಮಾಡಿದ್ದೆ, ಅಷ್ಟೆ.

ನನ್ನ ಹೆಸರು ಶಾಹೀನ್ ಬೆಟಗೇರಿ. ಆಫೀಸಿನ ಕಾಗದಗಳಲ್ಲಿ ನಾನು 'ಶ್ರವಣ ವೈವಿಧ್ಯವುಳ್ಳ ಸಹೋದ್ಯೋಗಿ'. ವೈವಿಧ್ಯವಂತೆ! ವೈವಿಧ್ಯ ಇರುವುದು ಸಿಹಿತಿಂಡಿ ಅಂಗಡಿಯಲ್ಲಿ.

ಕಟ್ಟಡದ ಕೆಳಗಿನ ಮಹಡಿಗಳಲ್ಲಿ ರೋಗಿಗಳ ವಾರ್ಡುಗಳು, ಮೇಲೆ ನಿಯಂತ್ರಣ ಕೊಠಡಿ. ಅಲ್ಲಿ ಸಾಲಾಗಿ ಪರದೆಗಳು, ಪ್ರತಿ ಪರದೆಯಲ್ಲೂ ಮಂಚದ ಸಂಖ್ಯೆಗಳು, ಪ್ರತಿ ಸಂಖ್ಯೆಯ ಮುಂದೂ ಒಂದೊಂದು ಗೆರೆ. ಆ ಗೆರೆ ಎಳೆಯುವ ಯಂತ್ರದ ಹೆಸರು 'ಇಂಗಿತ'. ರೋಗಿಯ ಎರಡೂ ಮಣಿಕಟ್ಟಿಗೆ ಒಂದೊಂದು ಪಟ್ಟಿ, ದಿಂಬಿನ ಬಳಿ ಮೈಕು, ಮಂಚದ ಕೆಳಗೆ ಔಷಧದ ಪಂಪು. ಪಟ್ಟಿಗಳು ನಾಡಿ, ಬೆವರು, ಕೈಗಳ ಅಲುಗಾಟವನ್ನು ಅಳೆಯುತ್ತವೆ. ಮೈಕು ನರಳಾಟ ಕೇಳುತ್ತದೆ. ಎಲ್ಲವನ್ನೂ ಕೂಡಿಸಿ ಯಂತ್ರವು ರೋಗಿಯ ತಳಮಳ ಎಷ್ಟೆಂದು ತೀರ್ಮಾನಿಸುತ್ತದೆ. ಗೆರೆ ಹಸಿರಾಗಿದ್ದರೆ ರೋಗಿ ಆರಾಮ. ಹಳದಿಯಾದರೆ ಎಚ್ಚರ. ಕೆಂಪಾದರೆ ಯಾರನ್ನೂ ಕೇಳದೆ ಪಂಪು ನಿದ್ದೆಯ ಮದ್ದನ್ನು ರಕ್ತಕ್ಕೆ ಬಿಡುತ್ತದೆ.

ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನನ್ನ ದಾದಿಮಾ ಕ್ಯಾನ್ಸರಿನ ನೋವಿಗೆ ಚಾದರ ಹರಿಯುತ್ತಾ ಸತ್ತಳು. ಆಗ ಇಂಥದ್ದೊಂದು ಇದ್ದಿದ್ದರೆ ಎಂದುಕೊಂಡೇ ನಾನು ಈ ಕೆಲಸಕ್ಕೆ ಸೇರಿದ್ದು. ಕೆಟ್ಟದ್ದು ಆಮೇಲೆ ಬಂತು, ಅದೂ ಒಳ್ಳೆಯದರ ಹೆಸರಿಟ್ಟುಕೊಂಡು.

ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ 'ಸರ್ವರ ಒಳಗೊಳ್ಳುವಿಕೆ' ಎಂಬ ವಿಭಾಗವೊಂದಿದೆ. ಅದರ ಮುಖ್ಯಸ್ಥೆ ಮೃಣಾಲಿನಿ ಮೇಡಂ. ಕಿವುಡರ ನರಳಾಟ ಯಂತ್ರಕ್ಕೆ ಸರಿಯಾಗಿ ಅರ್ಥವಾಗುವುದಿಲ್ಲ, ಆದ್ದರಿಂದ ಅವರಿಗೆ ಮೈಕು ಬಂದ್ ಮಾಡಿ, ಮೈಕಿನ ಪಾಲನ್ನೂ ಕೈಗಳ ಅಲುಗಾಟಕ್ಕೇ ಸೇರಿಸೋಣ ಎಂದು ಅವರು ಒಂದು ಮೀಟಿಂಗಿನಲ್ಲಿ ಹೇಳಿದರು. ದನಿ ಇಲ್ಲದವರನ್ನು ಯಂತ್ರ ಕಡೆಗಣಿಸಬಾರದಲ್ಲ! ನನಗೆ ಇದೆಲ್ಲ ತಿಳಿದದ್ದು ಫೋನಿನ ಪರದೆಯಲ್ಲಿ ಮೂಡುವ ಅಕ್ಷರಗಳಿಂದ. ಅಕ್ಷರಗಳು ಮಾತಿಗಿಂತ ಯಾವಾಗಲೂ ಹಿಂದೆ. ಓದಿದ ಕೂಡಲೇ ಚಾಟಿನಲ್ಲಿ ಬರೆದೆ: 'ಕಿವುಡರು ಕೈಯಿಂದ ಮಾತಾಡುತ್ತಾರೆ. ಕೈ ಆಡಿದ್ದನ್ನೆಲ್ಲ ತಳಮಳ ಎಂದು ಲೆಕ್ಕ ಹಿಡಿದರೆ ಅವರು ಮಾತಾಡಿದಾಗಲೆಲ್ಲ ನಿದ್ದೆಯ ಮದ್ದು ಹೋಗುತ್ತದೆ.' ನಮ್ಮ ಕೊಠಡಿಯ ಮುಖ್ಯಸ್ಥರಾದ ಮೇಟಿ ಸರ್ ಅದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿದರು. ಅದರ ಕೆಳಗೆ ಯಾರೋ ಮಧ್ಯಾಹ್ನ ಊಟಕ್ಕೆ ಏನು ತರಿಸೋಣ ಎಂದು ಕೇಳಿದ್ದರು. ಎಲ್ಲರೂ ಅದಕ್ಕೆ ಉತ್ತರ ಕೊಟ್ಟರು.

ಹೊಸ ಆವೃತ್ತಿ ಜಾರಿಗೆ ಬಂತು. ಅದಕ್ಕೆ ರಾಷ್ಟ್ರಮಟ್ಟದ ಪ್ರಶಸ್ತಿಯೂ ಬಂತು.

*

ಹುಬ್ಬಳ್ಳಿಯ ಕಿವುಡರಿಗೆಲ್ಲ ಅಂಬುಸಾ ಬಾಕಳೆ ಕಾಕಾ ಬೇಕಾದವರು. ದಾಜಿಬಾನ ಪೇಟೆಯಲ್ಲಿ ಅವರ ಟೇಲರಿಂಗ್ ಅಂಗಡಿ. ಅವರೂ ಕಿವುಡರು, ಹೆಂಡತಿ ಕಸ್ತೂರಬಾಯಿ ಕಾಕೂ ಕೂಡ ಕಿವುಡರು. ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಊರಿನ ಕಿವುಡರೆಲ್ಲ ಅಲ್ಲಿ ಸೇರುತ್ತಿದ್ದರು. ಶಾಲೆಯಲ್ಲಿ ಕೈ ಆಡಿಸಿದರೆ ಬೆರಳಿನ ಗಂಟಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದ ಕಾಲದಲ್ಲಿ, ನನ್ನ ಅಬ್ಬಾ ನನ್ನನ್ನು ಅಲ್ಲಿಗೆ ಕರೆದೊಯ್ದು ಬಿಟ್ಟರು. ಬಟ್ಟೆಯ ಚೂರುಗಳ ನಡುವೆ ಕೂರಿಸಿಕೊಂಡು ಕಾಕಾ ನನಗೆ ಭಾಷೆ ಕೊಟ್ಟರು.

ಹೆಸರನ್ನೂ ಕೊಟ್ಟರು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇರುತ್ತದೆ. ಅದನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ಫೋನಿನಲ್ಲಿ ಇಡುವ ಹಾಗೂ ಇಲ್ಲ. ಹಿರಿಯರು ಎದುರು ಕೂತು ಮಗುವನ್ನು ನೋಡಬೇಕು. ಅದು ತಾನಾಗಿ ಏನು ಮಾಡುತ್ತದೆ ಎಂದು ಕಾಯಬೇಕು. ಅದರಿಂದ ಹೆಸರು ಹುಟ್ಟಬೇಕು. ನನ್ನ ಹೆಸರು ಎರಡು ಹುಬ್ಬುಗಳ ನಡುವೆ ಬೆರಳಿನಿಂದ ಚಿವುಟುವುದು, ಯಾಕೆಂದರೆ ನಾನು ಮೊದಲ ದಿನವೇ ಎಲ್ಲರನ್ನೂ ಗಂಟು ಹುಬ್ಬಿನಿಂದ ನೋಡಿದ್ದೆನಂತೆ. ಊರಿನ ಕಿವುಡರಲ್ಲಿ ಬಹುಪಾಲು ಜನಕ್ಕೆ ಹೆಸರಿಟ್ಟವರು ಕಾಕಾ.

ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿ, ನಮ್ಮ ಕಟ್ಟಡದಲ್ಲೇ ಸೇರಿಸಿದ ಸುದ್ದಿ ಕೇಳಿ ಆ ಶುಕ್ರವಾರ ಕಾಕೂನ ಮನೆಗೆ ಹೋದೆ. ಅಂಗಡಿಯ ಮೇಲೇ ಮನೆ. ಮಗ ಸೊಸೆ ಕೆಳಗೆ ಹೊಲಿಗೆಯಲ್ಲಿದ್ದರು. ಕಾಕೂ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಹಲ್ಲು ಬಾರದ ಕೂಸು. ಅದಕ್ಕೂ ಕಿವಿ ಕೇಳಿಸದೆಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ದೀಕ್ಷಾ ಎಂದಿದೆ. ಕೈಹೆಸರು ಇನ್ನೂ ಇರಲಿಲ್ಲ.

ಕಾಕೂನ ಕೈಮಾತನ್ನು ನಾನಿಲ್ಲಿ ಹುಬ್ಬಳ್ಳಿ ಮಾತಿನಲ್ಲೇ ಬರೆಯುತ್ತೇನೆ. ಅವರ ಕೈಗಳೂ ಹುಬ್ಬಳ್ಳಿಯವೇ.

"ದಿನಾ ಸಂಜಿಗೆ ಕೂಸಿನ್ನ ಕರ್ಕೊಂಡು ಹೊಕ್ಕೇನಿ," ಎಂದರು ಕಾಕೂ. "ಕಣ್ಣ ತೆಗಿತಾರ, ಕೂಸಿನ್ನ ನೋಡಿ ನಗತಾರ, ಕೈ ಎತ್ತತಾರ. ಎರಡ ಮಾತ ಆಡೂದ್ರಾಗ ನಿದ್ದಿ. ನಾ ಅಲ್ಲೇ ಕುಂತು ಕುಂತು ಎದ್ದು ಬರ್ತೇನಿ."

"ಡಾಕ್ಟರ್ ಏನಂದ್ರು?"

"ಕಡೀ ದಿನಾ ಹಿಂಗ ಇರ್ತಾವ ಅಂತ ಚೀಟಿ ಮ್ಯಾಲ ಬರದು ತೋರಿಸಿದ್ರು. ಖರೇ ಇರಬಹುದು. ಆದ್ರ ಶಾಹೀನ್, ನಾ ಹೋಗೂಕಿಂತ ಮೊದಲ ಎಚ್ಚರ ಇರ್ತಾರಂತ. ಬಾಜೂ ಮಂಚದಂವಾ ಕೈಸನ್ನಿ ಮಾಡಿ ಹೇಳಿದಾ. ನನ್ನ ಮಾರಿ ನೋಡಿದ ಕೂಡ್ಲೇನ ಯಾಕ ನಿದ್ದಿ ಬರತೈತಿ? ನನ್ನ ಮ್ಯಾಲ ಸಿಟ್ಟೇನು ಅವ್ರಿಗೆ?"

ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅದನ್ನು ಕೇಳುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾರಣ ನನಗೆ ಆ ಕ್ಷಣವೇ ಗೊತ್ತಾಗಿತ್ತು.

"ಸಿಟ್ಟಲ್ಲ ಕಾಕೂ," ಎಂದೆ. "ನಿಮ್ಮನ್ನ ನೋಡಿದ್ರ ಅವರಿಗೆ ಮಾತಾಡೂ ಹುಕಿ ಬರತೈತಿ. ಅದಕ್ಕ."

ಕಾಕೂಗೆ ಅರ್ಥವಾಗಲಿಲ್ಲ. ಕೂಸಿನ ಕೈ ಹಿಡಿದು, "ಇದಕ್ಕೊಂದು ಹೆಸರ ಇಟ್ಟು ಹೋದ್ರ ಸಾಕಿತ್ತು," ಎಂದರು.

*

ಮರುದಿನ ಬೆಳಿಗ್ಗೆ ಕಾಕಾನ ಮಂಚದ ಗೆರೆ ತೆಗೆದು ನೋಡಿದೆ. ಹಗಲೆಲ್ಲ ಹಸಿರು. ಸಂಜೆ ಭೇಟಿಯ ಹೊತ್ತಿಗೆ ಗೆರೆ ಗೋಡೆಯ ಹಾಗೆ ನೆಟ್ಟಗೆ ಮೇಲೆದ್ದು ಕೆಂಪು ಮುಟ್ಟಿ, ಆಮೇಲೆ ಸಪಾಟು. ಹಿಂದಿನ ದಿನವೂ ಹಾಗೆಯೇ. ಅದರ ಹಿಂದಿನ ದಿನವೂ. ಪ್ರತಿ ಏರಿಕೆಯ ಪಕ್ಕದಲ್ಲಿ ಯಂತ್ರ ತಾನೇ ಷರಾ ಬರೆದಿತ್ತು: 'ಅಂತಿಮ ಹಂತದ ತಳಮಳ. ಯಶಸ್ವಿಯಾಗಿ ಶಮನಗೊಳಿಸಲಾಗಿದೆ.'

ಗಂಡ ಹೆಂಡತಿಯ ಜೊತೆ ಮಾತಾಡಿದ್ದಕ್ಕೆ ಶಮನ!

ಲ್ಯಾಪ್‌ಟಾಪು ಎತ್ತಿಕೊಂಡು ಮೇಟಿ ಸರ್ ಮೇಜಿನ ಮೇಲೆ ತಂದಿಟ್ಟೆ. ಕುಕ್ಕಿದೆ ಅನ್ನುವುದೇ ಸರಿ. ದನಿ ತೆಗೆದು ಹೇಳಿದೆ. ಅವರು ಮುಖ ಕಿವುಚಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಗೆರೆ ನೋಡಿದರು, ತಲೆ ಕೆರೆದುಕೊಂಡರು, ಫೋನಿಗೆ ಮಾತಾಡಿ ಅಕ್ಷರಗಳನ್ನು ನನ್ನತ್ತ ಹಿಡಿದರು.

"ನಿಮ್ಮ ಕಾಳಜಿ ನಂಗ ಅರ್ಥ ಆಗತೈತ್ರಿ. ಆದ್ರ ಒಬ್ಬ ಪೇಶಂಟ್ ಸಲುವಾಗಿ ಯಂತ್ರದ ಮಾದರಿ ತಿದ್ದಾಕ ಬರಂಗಿಲ್ಲ. ನೀತಿ ಸಮಿತಿ ಒಪ್ಪಬೇಕು. ಮುಂದಿನ ತಿಂಗಳ ಮೀಟಿಂಗ್ ಐತಿ."

"ಅಲ್ಲೀ ತನಕ ಅವರು ಇರ್ತಾರೇನ್ರಿ?"

"ನಾ ಏನ್ ಹೇಳ್ಲಿ?"

"ಪಂಪ್ ಬಂದ್ ಮಾಡ್ರಿ. ನರ್ಸ್ ಕೈಲೆ ಔಷಧ ಕೊಡ್ಸ್ರಿ."

"ಬಂದ್ ಮಾಡಿದ್ರ ನೋವಾಗಿ ಸತ್ರು ಅಂತ ನಾಳೆ ಕೇಸ್ ಹಾಕ್ತಾರ. ಕೀಲಿ ಬೆಂಗಳೂರಾಗ ಐತಿ, ನನ್ನ ಕಡೆ ಇಲ್ಲ." ಅವರು ಇನ್ನೊಂದು ಮಾತು ಸೇರಿಸಿದರು. "ಮತ್ತ ಶಾಹೀನ್, ಸೋಮವಾರ ಪ್ರಶಸ್ತಿಯವರು ವಾರ್ಡ್ ನೋಡಾಕ ಬರ್ತಾರ. ಮೃಣಾಲಿನಿ ಮೇಡಮ್ಮೂ ಬರ್ತಾರ. ನೀವು ಒಬ್ಬ ಕಿವುಡ ಪೇಶಂಟ್ ಬಾಜೂ ನಿಂತ ಫೋಟೋ ಬೇಕಂತ. ಛಲೋ ಸೀರಿ ಉಟ್ಕೊಂಡು ಬರ್ರಿ."

ನಮ್ಮಂಥ ಮೇಲಿನ ಕೊಠಡಿಯವರಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಸೋಂಕಿನ ನಿಯಮ. ಫೋಟೋ ತೆಗೆಯುವ ದಿನ ಮಾತ್ರ ಸೋಂಕಿಗೂ ರಜೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು 'ಹೂಂ' ಎಂದೆ. ಸಮಿತಿ ಸೇರುವ ಹೊತ್ತಿಗೆ ಕಾಕಾ ಇರಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ಸಮಿತಿಯವರು ಬಿಸ್ಕೀಟು ತಿಂದು ವಿಷಯವನ್ನು ಅದರ ಮುಂದಿನ ತಿಂಗಳಿಗೆ ಹಾಕಿದರು.

ಆ ದಿನ ಊಟದ ಬಿಡುವಿನಲ್ಲಿ ನಿಯಮ ಮುರಿದು ಕೆಳಗೆ ಇಳಿದೆ. ವಾರ್ಡಿನ ಸುಗುಣಾ ಸಿಸ್ಟರ್ ನನ್ನನ್ನು ತಡೆಯಲಿಲ್ಲ. ಗದಗಿನ ಕಡೆಯವರು, ಇಡೀ ಕಟ್ಟಡದಲ್ಲಿ ಮುಖ ನನ್ನತ್ತ ತಿರುಗಿಸಿ ಮಾತಾಡುತ್ತಿದ್ದವರು ಅವರೊಬ್ಬರೇ.

ಕಾಕಾ ಅರ್ಧ ಆಗಿದ್ದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನನ್ನನ್ನು ನೋಡಿದವರೇ ಹುಬ್ಬಿನ ನಡುವೆ ಚಿವುಟಿ ನನ್ನ ಹೆಸರು ಹಿಡಿದರು. ಆಮೇಲೆ ಎರಡೂ ಕೈ ಎತ್ತಿದರು.

"ಶಾಹೀನ್, ನನ್ನ ಕೈ ಕಟ್ಟ್ಯಾರ. ಹಗ್ಗ ಇಲ್ದ ಕಟ್ಟ್ಯಾರ. ಮಾತ ಶುರು ಮಾಡಿದ್ರ ತಲಿಯೊಳಗ ಹತ್ತಿ ತುಂಬಿದಂಗ ಆಗತೈತಿ. ಕೂಸಿಗೆ ಹೆಸರ..."

ಪಂಪಿನ ದೀಪ ಮಿನುಗಿತು. 'ಹೆಸರು' ಎಂಬ ಮಾತು ಬೆರಳಲ್ಲೇ ಕರಗಿತು. ಅವರ ಕೈಗಳು ಹೊದಿಕೆಯ ಮೇಲೆ ಬಿದ್ದವು, ಆದರೆ ಕಣ್ಣುಗಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದವು. ಅವು ಮುಚ್ಚುವವರೆಗೂ ನಾನು ನಿಂತು ನೋಡಿದೆ. ನನ್ನ ಜೀವನದಲ್ಲಿ ಯಾರನ್ನಾದರೂ ಹೊಡೆಯಬೇಕೆಂದು ಅಷ್ಟೊಂದು ಅನ್ನಿಸಿದ್ದು ಅದೇ ಮೊದಲು. ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ಒಂದು ಪಂಪು ಇತ್ತು, ಅದರ ಮೇಲೆ ನಗುವ ಮುಖದ ಚಿತ್ರ ಅಂಟಿಸಿದ್ದರು.

"ಪಟ್ಟಿ ಬಿಚ್ಚಿಬಿಡ್ರಿ ಸಿಸ್ಟರ್," ಎಂದೆ.

"ಬಿಚ್ಚಿದ್ರ ಪೇಶಂಟ್ ಕಿತ್ತುಹಾಕ್ಯಾನ ಅಂತ ತಿಳ್ಕೊಂಡು ಇನ್ನೂ ಹೆಚ್ಚಿಗಿ ಬಿಡತೈತಿ," ಎಂದರು ಸಿಸ್ಟರ್. "ಅದಕ್ಕ ಬೆಚ್ಚನ್ನ ಕೈ ಬೇಕು, ನಾಡಿ ಬೇಕು. ಗಳಿಗಿ ತಡಾ ಆದ್ರೂ ತಡಕೊಳ್ಳಂಗಿಲ್ಲ."

"ಯಾರ ಕೈ ಅಂತ ಅದಕ್ಕ ಗೊತ್ತಾಗತೈತೇನು?"

ಸಿಸ್ಟರ್ ನನ್ನನ್ನು ನೋಡಿದರು, ನನ್ನ ಮಣಿಕಟ್ಟು ನೋಡಿದರು. ಆಮೇಲೆ ಬಾಗಿಲಿನ ಕಡೆ ನೋಡಿದರು.

"ಇಲ್ಲ," ಎಂದರು. "ಆದ್ರ ನೀ ಅಲುಗಾಡಂಗಿಲ್ಲ. ನಿನ್ನ ನಾಡಿ ಏರಂಗಿಲ್ಲ. ಬೆವರಂಗಿಲ್ಲ. ನಿನ್ನ ಸಿಟ್ಟು ನಂಗೊತ್ತೈತವಾ. ನೀ ಸಿಟ್ಟಾದ್ರ ಮದ್ದು ಹೋಗೂದು ಅವರಿಗೆ."

*

ಸೋಮವಾರ ಸಂಜೆ ರೇಷ್ಮೆ ಸೀರೆ ಉಟ್ಟು ವಾರ್ಡಿಗೆ ಹೋದೆ. ಕಾಕೂ ಕೂಸನ್ನು ಎತ್ತಿಕೊಂಡು ಆಗಲೇ ಬಂದಿದ್ದರು. ಪಟ್ಟಿಗಳನ್ನು ನಾನು ಕಟ್ಟಿಕೊಳ್ಳುವ ವಿಷಯ ಅವರಿಗೆ ಮೊದಲೇ ಹೇಳಿದ್ದೆ. ಅತಿಥಿಗಳು ಇನ್ನೂ ಮೇಲೆ ಚಹಾ ಕುಡಿಯುತ್ತಿದ್ದರು. ಕಾಕಾ ಎಚ್ಚರವಾಗಿದ್ದರು, ಕೈಗಳನ್ನು ಹೊದಿಕೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದರು. ಮಾತಾಡಿದರೆ ನಿದ್ದೆ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಾವೇ ಕಂಡುಕೊಂಡಿದ್ದರು.

ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗಿನ ಕೆಳಗೆ ಕೈ ಚಾಚಿದೆ. ಸುಗುಣಾ ಸಿಸ್ಟರ್ ಅವರ ಒಂದು ಪಟ್ಟಿ ಬಿಚ್ಚಿ ನನಗೆ ಕಟ್ಟಿದರು, ಆಮೇಲೆ ಇನ್ನೊಂದು. ಗೆರೆ ಒಮ್ಮೆ ನಡುಗಿ ಹಸಿರಲ್ಲೇ ನಿಂತಿತು. ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ಕಲ್ಲಿನ ಹಾಗೆ ಕೂತೆ. ಬಾಯಿ ಇರುವವರಿಗೆ ಇದು ಹೇಗೆ ತಿಳಿಯಬೇಕು? ತುಟಿಗೆ ದಬ್ಬಳದ ಹೊಲಿಗೆ ಹಾಕಿಕೊಂಡು ಕೂತ ಹಾಗೆ.

"ನೋವಾದ್ರ?" ಎಂದು ಕಾಕೂ ಕೇಳಿದರು.

ಕಾಕಾ ಹೊದಿಕೆಯಿಂದ ಕೈ ಹೊರಗೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನೋವಾದ್ರ ಹೇಳ್ತೇನಿ. ನಾ ಏನ್ ದನಾ ಏನು, ಕಟ್ಟಿದವರ ತಿಳ್ಕೊಬೇಕು ಅನ್ನಾಕ?"

ಇಷ್ಟು ಹೇಳಿದರೂ ಗೆರೆ ಅಲುಗಲಿಲ್ಲ. ಇನ್ನೊಂದು ಮಾತು ಹೇಳಿದರು. ನಿದ್ದೆ ಬರಲಿಲ್ಲ. ಆಗ ಅವರ ಕೈಗಳಿಗೆ ಹಬ್ಬ ಬಂದ ಹಾಗಾಯಿತು. ಕಾಕೂನ ಮೇಲೆ ಸಿಟ್ಟಿಲ್ಲ ಎಂದರು. ಎದುರು ಮಂಚದವನ ಮಗ ತಂದೆಯ ಹಣ್ಣು ತಿಂದು ಸಿಪ್ಪೆ ಬಿಟ್ಟು ಹೋಗುತ್ತಾನೆ ಎಂದರು. ಮಗನಿಗೆ ಕಾಲರಿನ ಮೂಲೆ ಚೂಪು ಮಾಡಲು ಇನ್ನೂ ಬರುವುದಿಲ್ಲ, ಅವನಿಗೆ ಹೇಳು ಎಂದರು. ಕಾಕೂ ಅಳುತ್ತಾ ನಗುತ್ತಾ, "ನೀವ ಹೇಳ್ರಿ, ನನ್ನ ಮಾತ ಅಂವಾ ಎಲ್ಲಿ ಕೇಳ್ತಾನ," ಎಂದರು. ನಾನು ಸುಮ್ಮನೆ ನೋಡಿದೆ.

ಕಾಕೂ ಕೂಸನ್ನು ಮಂಚದ ಮೇಲೆ ಕಾಕಾನ ಎದುರು ಕೂರಿಸಿ ಬೆನ್ನಿಗೆ ಕೈ ಕೊಟ್ಟರು. ಕಾಕಾ ಅದನ್ನು ನೋಡತೊಡಗಿದರು. ಕೂಸು ತನ್ನ ಕಾಲ್ಬೆರಳು ನೋಡಿತು, ಆಕಳಿಸಿತು. ಕಾಕಾ ತಲೆಯಾಡಿಸಿದರು. ಇದು ಹೆಸರಲ್ಲ, ಇನ್ನೂ ಕಾಯಬೇಕು.

ಆಗ ಬಂದರು.

ಮುಂದೆ ಮೃಣಾಲಿನಿ ಮೇಡಂ, ಹಿಂದೆ ಪ್ರಶಸ್ತಿಯ ಇಬ್ಬರು, ಮೇಟಿ ಸರ್, ಕ್ಯಾಮೆರಾದವನು. ಮೇಡಂ ಕುತ್ತಿಗೆಯಲ್ಲಿ ಬಣ್ಣದ ದಾರಕ್ಕೆ ಕಟ್ಟಿದ ಗುರುತಿನ ಚೀಟಿ ನೇತಾಡುತ್ತಿತ್ತು. ನನ್ನ ಫೋನು ಮೊಣಕಾಲಿನ ಮೇಲಿತ್ತು, ಅವರ ಮಾತು ಅದರಲ್ಲಿ ಮೂಡುತ್ತಾ ಹೋಯಿತು.

"ನೋಡಿ, ಇವರೇ ನಮ್ಮ ಮೂಕ ರೋಗಿ," ಎಂದರು ಮೇಡಂ ಅತಿಥಿಗಳಿಗೆ. "ಸ್ಕ್ರೀನ್ ನೋಡಿ, ಎಷ್ಟು ಚೆನ್ನಾಗಿ ಹಸಿರಿದೆ! ಮೊದಲು ಇಂಥವರನ್ನ ಯಾರೂ ಅರ್ಥ ಮಾಡ್ಕೊಳ್ತಿರಲಿಲ್ಲ. ಇಂಗಿತ ಅವರ ಮಾತಿಲ್ಲದ ಮಾತನ್ನೂ ಕೇಳಿಸ್ಕೊಳ್ಳುತ್ತೆ."

ಕಾಕಾ ಆಗ ಎರಡೂ ಕೈಯಿಂದ ಮಾತಾಡುತ್ತಿದ್ದರು. ಗೆರೆ ಹಸಿರಿತ್ತು. ಮೇಟಿ ಸರ್ ಪರದೆ ನೋಡಿದರು, ಕಾಕಾನ ಬರಿಗೈ ನೋಡಿದರು, ನನ್ನ ಸೆರಗು ನೋಡಿದರು. ಅವರಿಗೆ ತಿಳಿಯಿತು. ಅವರು ಕಿಟಕಿಯ ಕಡೆ ತಿರುಗಿದರು.

"ಅವರು ಏನು ಹೇಳ್ತಿದಾರೆ ಶಾಹೀನ್? ಥ್ಯಾಂಕ್ಸ್ ಹೇಳ್ತಿದಾರಾ?" ಎಂದು ಮೇಡಂ ಕೇಳಿದರು.

ಪಟ್ಟಿಗೆ ನನ್ನ ಕೈ ಮಾತ್ರ ಬೇಕು. ಮೈಕನ್ನು ಅವರೇ ಬಂದ್ ಮಾಡಿಸಿದ್ದರು. ನಾನು ಉಸಿರು ಸಮ ಮಾಡಿಕೊಂಡು ನನ್ನ ಒರಟು ದನಿಯಲ್ಲಿ, ಪಾಠ ಒಪ್ಪಿಸುವ ಹಾಗೆ ಹೇಳಿದೆ.

"ನೀವು ಅಡ್ಡ ನಿಂತಿದ್ದೀರಂತೆ. ಕೂಸಿನ ಮುಖ ಕಾಣುತ್ತಿಲ್ಲವಂತೆ. ಸರಿಯಬೇಕಂತೆ."

ಮೇಡಂ ನಕ್ಕರು. "ಎಷ್ಟು ಕ್ಯೂಟ್! ಬನ್ನಿ, ಒಂದು ಫೋಟೋ ತಗೊಳ್ಳೋಣ." ಸರಿಯುವ ಬದಲು ಇನ್ನೂ ಹತ್ತಿರ ಬಂದರು. ಕ್ಯಾಮೆರಾದವನು ಕೈಗಳು ಆಡುತ್ತಿದ್ದರೆ ಫೋಟೋ ಮಸುಕಾಗುತ್ತದೆ ಎಂದಿರಬೇಕು. ಮೇಡಂ ಬಗ್ಗಿ, ತುಂಬ ಮಮತೆಯಿಂದ, ಕಾಕಾನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಒತ್ತಿ ಹಿಡಿದುಕೊಂಡರು. ಕ್ಯಾಮೆರಾದ ಕಡೆ ಮುಖ ತಿರುಗಿಸಿ ಮುಗುಳ್ನಕ್ಕರು.

ಮಾತಾಡುತ್ತಿದ್ದ ಮುದುಕನ ಬಾಯಿ ಮುಚ್ಚಿ ಹಿಡಿದು ಫೋಟೋ ತೆಗೆಸಿಕೊಳ್ಳುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕಾಕಾ ಕೈ ಬಿಡಿಸಿಕೊಳ್ಳಲು ನೋಡಿದರು, ಶಕ್ತಿ ಸಾಲಲಿಲ್ಲ. ನನ್ನ ಕಿವಿಯ ಬಳಿ ರಕ್ತ ಬಡಿಯತೊಡಗಿತು. ಅಂಗೈ ತೇವವಾಯಿತು. ಪರದೆಯಲ್ಲಿ ಗೆರೆ ಏರಿತು, ಹಳದಿಗೆ ತಿರುಗಿತು. ಸುಗುಣಾ ಸಿಸ್ಟರ್ ಅತಿಥಿಗಳ ಹಿಂದಿನಿಂದ ನನ್ನನ್ನೇ ನೋಡುತ್ತಾ ಮೆಲ್ಲಗೆ ತಲೆಯಾಡಿಸಿದರು. ಬೇಡವಾ, ಬೇಡ. ಇನ್ನೊಂದಿಷ್ಟು ಸಿಟ್ಟು ಬಂದರೆ ಕಾಕಾ ಹೆಸರಿಡದೆ ಮಲಗುತ್ತಾರೆ. ಸಿಟ್ಟು ಬರಿಸಿದವರಿಗೆ ಏನೂ ಆಗುವುದಿಲ್ಲ.

ನಾನು ನೆಲದ ಟೈಲ್ಸ್ ನೋಡಿದೆ. ಟೈಲ್ಸಿನ ಗೆರೆ ನೋಡಿದೆ. ಹುಬ್ಬಳ್ಳಿಯಿಂದ ಗದಗಿನವರೆಗಿನ ರೈಲು ನಿಲ್ದಾಣಗಳ ಹೆಸರು ಒಂದೊಂದಾಗಿ ನೆನೆದೆ. ನೆನೆಯುತ್ತಾ, ಇಷ್ಟು ದಿನ ನುಂಗಿದ್ದೆಲ್ಲ ಯಾರ ಅನುಕೂಲಕ್ಕೆ ಎಂದು ನನಗೇ ಬೈದುಕೊಂಡೆ. ಗೆರೆ ಹಳದಿಯಲ್ಲೇ ತೂಗಾಡಿತು.

ಅಷ್ಟರಲ್ಲಿ ಕಾಕೂ ಎದ್ದರು. ಒಂದು ಕೈಯಲ್ಲಿ ಕೂಸಿನ ಬೆನ್ನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಮೃಣಾಲಿನಿ ಮೇಡಮ್ಮಿನ ಮುಂಗೈ ಮೇಲೆ ಪಟ್ಟನೆ ಹೊಡೆದರು. ತಟ್ಟೆಗೆ ಬಾಯಿ ಹಾಕಿದ ಬೆಕ್ಕಿಗೆ ಹೊಡೆದ ಹಾಗೆ.

ಮೇಡಂ ಬೆಚ್ಚಿ ಕೈ ಬಿಟ್ಟು ಮುಂದಕ್ಕೆ ವಾಲಿದರು. ಅವರ ಕುತ್ತಿಗೆಯ ಚೀಟಿ ಕೂಸಿನ ಮುಖದ ಮುಂದೆ ತೂಗಾಡಿತು. ಕೂಸು ಅದನ್ನು ನೋಡಿತು. ಬಣ್ಣದ ದಾರ ನೋಡಿತು. ಮುಷ್ಟಿಯಲ್ಲಿ ಗಪ್ಪನೆ ಹಿಡಿದು ಜಗ್ಗಿತು. ಮೇಡಂ ಬಿಡಿಸಿಕೊಳ್ಳಲು ಹಿಂದೆ ಸರಿದರು, ಕೂಸು ಇನ್ನೂ ಬಿಗಿಯಾಗಿ ಹಿಡಿಯಿತು. ಅದರ ಮುಖ ಕೆಂಪಾಗಿತ್ತು. ಒಬ್ಬ ಅತಿಥಿ ಬಿಡಿಸಲು ಬಂದರು, ಬೆರಳು ಬಿಚ್ಚಲಿಲ್ಲ. ಮೇಡಂ ತಲೆ ತಗ್ಗಿಸಿ ಹಲ್ಲು ಬಾರದ ಆ ಕೂಸಿನ ಮುಂದೆ ಬಗ್ಗಿ ನಿಂತಿದ್ದರು. ಕೊನೆಗೆ ದಾರದ ಕೊಂಡಿಯೇ ಕಳಚಿ ಬಂತು. ಕೂಸು ಚೀಟಿಯ ಸಮೇತ ಹಿಂದಕ್ಕೆ ಕಾಕೂನ ಕೈಗೆ ಬಿತ್ತು.

ಕಾಕಾ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಸುಧಾರಿಸಿಕೊಂಡು ಬಲಗೈ ಮೇಲೆತ್ತಿದರು. ಗಂಟಲಿನ ಕೆಳಗೆ ಮುಷ್ಟಿ ಬಿಗಿದು, ಕೆಳಕ್ಕೆ ಒಂದೇ ಸಲ ಜಗ್ಗಿದರು. ಕೂಸನ್ನು ತೋರಿಸಿ ಮತ್ತೆ ಜಗ್ಗಿದರು.

ಹೆಸರು ಹುಟ್ಟಿತ್ತು.

ಕಾಕೂ ಗಂಟಲಿನ ಕೆಳಗೆ ಮುಷ್ಟಿ ಹಿಡಿದು ಜಗ್ಗಿದರು. ಹೆಸರಿಟ್ಟ ಮೇಲೆ ಅಲ್ಲಿರುವವರೆಲ್ಲ ಒಂದೊಂದು ಸಲ ಆ ಹೆಸರು ಹಿಡಿಯಬೇಕು, ಆಗಲೇ ಅದು ಊರಿನ ಹೆಸರಾಗುವುದು. ಕಾಕಾ ಸುಗುಣಾ ಸಿಸ್ಟರ್ ಕಡೆ ಬೆರಳು ತೋರಿಸಿದರು. ಅವರು ಅತ್ತಿತ್ತ ನೋಡಿ, ನಾಚಿಕೊಂಡು, ತಮ್ಮ ಕೊರಳ ಶಿಲುಬೆಯ ಬಳಿ ಮುಷ್ಟಿ ಹಿಡಿದು ಜಗ್ಗಿದರು. ಕಿಟಕಿಯ ಬಳಿ ನಿಂತಿದ್ದ ಮೇಟಿ ಸರ್ ಕಡೆ ಕಾಕಾ ತಿರುಗಿದರು. ಮೇಟಿ ಸರ್ ನೆಲ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ಅನ್ನು."

ನಾನು ಕಣ್ಣಲ್ಲೇ ಪಟ್ಟಿ ತೋರಿಸಿದೆ.

"ಗೊತ್ತೈತಿ. ಅನ್ನು. ನೀ ಅನ್ನದಿದ್ರ ಅದೆಂಥಾ ಹೆಸರು?"

ಸುಗುಣಾ ಸಿಸ್ಟರ್ ಮುಂದೆ ಬಂದರು. ಪ್ರಶಸ್ತಿಯವರ ಎದುರೇ, ಮೇಡಮ್ಮಿನ ಎದುರೇ, ಕಾಕಾನ ತೋಳಿಗೆ ಮದ್ದು ಹೋಗುವ ಕೊಳವೆಯ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಹಾಗೇ ಹಿಡಿದುಕೊಂಡು ನಿಂತರು. ಆ ಹೆಬ್ಬೆರಳಿಗೆ ಅವರ ಕೆಲಸ ಹೋಯಿತು, ನನ್ನದರ ಜೊತೆಗೇ. ಮುಖ ನನ್ನತ್ತ ತಿರುಗಿಸಿ, ತುಟಿ ಬಿಡಿಸಿ ಬಿಡಿಸಿ, "ಹೂಂ, ಅನ್ನವಾ," ಎಂದರು.

ನಾನು ಸೆರಗಿನಿಂದ ಕೈ ಹೊರಗೆ ತೆಗೆದೆ. ಪಟ್ಟಿ ಕಟ್ಟಿದ ಕೈಯನ್ನು ಎಲ್ಲರೂ ನೋಡಲಿ ಎಂದು ಮೇಲೆತ್ತಿದೆ. ಗಂಟಲಿನ ಕೆಳಗೆ ಮುಷ್ಟಿ ಬಿಗಿದು ಜಗ್ಗಿದೆ.

ಪರದೆ ಕೆಂಪಾಯಿತು. ಅಲಾರಂ ಹೊಡೆದಿರಬೇಕು, ಮೃಣಾಲಿನಿ ಮೇಡಂ ಎರಡೂ ಕಿವಿ ಮುಚ್ಚಿಕೊಂಡರು. ಅವರ ತುಟಿ ಏನೇನೋ ಆಡುತ್ತಿತ್ತು, ನಾನು ಓದಲಿಲ್ಲ. ಕಾಕಾ ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು. ಅವರಿಗೆ ಅದು ಸರಿಬಂದಿರಲಿಲ್ಲ.

"ಹಂಗಲ್ಲ," ಎಂದರು. "ಜೋರಲೆ ಜಗ್ಗು."

ನಾನು ಜೋರಾಗಿ ಜಗ್ಗಿದೆ.